ಫ್ಯಾಕ್ಟ್‌ಚೆಕ್: ಮಕ್ಕಳು ನೋಡಿಕೊಳ್ಳದಿದ್ದರೆ ಬರೆದುಕೊಟ್ಟ ಆಸ್ತಿ ತಾನಾಗಿಯೇ ವಾಪಸ್ ಬರುತ್ತದೆಯೇ?

“ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ಆಸ್ತಿ ರದ್ದು, ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು, ಎಲ್ಲ ಹಿರಿಯರಿಗೂ ತಲುಪಿಸಿ” ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದನ್ನು ನಂಬಿ ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಸಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ಸಂದೇಶದಲ್ಲಿ ಇರುವುದು ಅರ್ಧ ಸತ್ಯ ಮಾತ್ರ.

ಕಾನೂನು ಏನು ಹೇಳುತ್ತದೆ?

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಅದರ 23ನೇ ಸೆಕ್ಷನ್ ಪ್ರಕಾರ, 60 ವರ್ಷ ದಾಟಿದವರು “ನನ್ನನ್ನು ನೋಡಿಕೊಳ್ಳಬೇಕು” ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಆ ಮಾತು ತಪ್ಪಿದರೆ, ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತ ಎಂದು ಘೋಷಿಸಬಹುದು. ಇಲ್ಲಿ ಮುಖ್ಯವಾದದ್ದು ಷರತ್ತು. ಅದನ್ನೇ ಫಾರ್ವರ್ಡ್ ಸಂದೇಶ ಬಿಟ್ಟುಬಿಟ್ಟಿದೆ.

ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ, ಪತ್ರದಲ್ಲಿ ಅಂಥ ಷರತ್ತು ಇತ್ತೆಂದು ತೋರಿಸಲಾಗದ ಕಾರಣ ತಾಯಿಗೆ 23ನೇ ಸೆಕ್ಷನ್‌ನ ನೆರವು ಸಿಗಲಿಲ್ಲ. 2025ರ ಜನವರಿ 2ರಂದು ಬಂದ ಊರ್ಮಿಳಾ ದೀಕ್ಷಿತ್ ಪ್ರಕರಣದ ತೀರ್ಪಿನಲ್ಲಿ ಮಧ್ಯಪ್ರದೇಶದ ತಾಯಿಗೆ ಆಸ್ತಿ ಮರಳಿತು. ಮಗ ತಾಯಿಯನ್ನು ನೋಡಿಕೊಳ್ಳುತ್ತಾನೆ ಎಂಬ ಮಾತು ಅಲ್ಲಿ ದಾನಪತ್ರದಲ್ಲೇ ಇತ್ತು. ಕಾಯ್ದೆಯನ್ನು ಹಿರಿಯರ ಹಿತಕ್ಕೆ ತಕ್ಕಂತೆ ಉದಾರವಾಗಿ ಓದಬೇಕು ಎಂದು ಕೋರ್ಟ್ ಹೇಳಿದ್ದು ನಿಜ. ಆದರೆ ಕೊಟ್ಟ ಆಸ್ತಿಯೆಲ್ಲ ತಾನಾಗಿಯೇ ವಾಪಸ್ ಎಂದು ಹೇಳಿಲ್ಲ. ಹಿರಿಯರೇ ಅರ್ಜಿ ಹಾಕಬೇಕು, ದಾಖಲೆ ತೋರಿಸಬೇಕು, ವಿಚಾರಣೆ ಎದುರಿಸಬೇಕು.

“ಉಯಿಲು ಮತ್ತು ದಾನಪತ್ರ ಎರಡೂ ಒಂದೇ”: ತಪ್ಪು

ನೋಂದಣಿಯಾದ ದಾನಪತ್ರ ಬರೆದುಕೊಟ್ಟ ಮೇಲೆ ಮನೆ ನಿಮ್ಮದಲ್ಲ. ಮನಸ್ಸು ಬದಲಾಯಿತು ಎಂದು ಅದನ್ನು ಹಿಂಪಡೆಯಲು ಸಾಧ್ಯವಿಲ್ಲ. ಉಯಿಲು ಜಾರಿಗೆ ಬರುವುದು ನಿಮ್ಮ ಕಾಲಾನಂತರ. ಅಲ್ಲಿಯವರೆಗೆ ಮನೆ ನಿಮ್ಮದೇ, ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ.

“ಅಪ್ಪ ಅಮ್ಮ ಖರ್ಚು ಮಾಡಿದರೆ ನಮ್ಮ ಪಾಲು ಕರಗುತ್ತದೆ”: ತಪ್ಪು

ತಂದೆ ಅಥವಾ ತಾಯಿ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯಲ್ಲಿ ಅವರು ಬದುಕಿರುವಾಗ ಮಕ್ಕಳಿಗೆ ಪಾಲಿನ ಹಕ್ಕಿಲ್ಲ. ಅದನ್ನು ಮಾರಿ ಔಷಧಕ್ಕೆ ಬಳಸಲಿ, ಕಾಶಿಗೆ ಹೋಗಿಬರಲಿ, ಅದು ಅವರ ಇಷ್ಟ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ.

“ಆಯುಷ್ಮಾನ್ ಕಾರ್ಡ್ ಇದ್ದರೆ ಚಿಂತೆಯಿಲ್ಲ”: ಅರ್ಧ ಸತ್ಯ

2024ರ ಅಕ್ಟೋಬರ್‌ನಿಂದ 70 ವರ್ಷ ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇದ್ದರೂ, ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಆದರೆ ಇದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಪಾರ್ಶ್ವವಾಯು, ಮರೆಗುಳಿ ಕಾಯಿಲೆ, ಸೊಂಟದ ಮೂಳೆ ಮುರಿತದಂಥವು ಬಂದಾಗ ನಿಜವಾದ ಖರ್ಚು ಶುರುವಾಗುವುದು ಡಿಸ್ಚಾರ್ಜ್ ಆದ ಮೇಲೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಡೈಪರ್, ರಾತ್ರಿ ಕಾವಲು ಇವೆಲ್ಲ ವರ್ಷಗಟ್ಟಲೆ ಬೇಕಾಗಬಹುದು. ಸಾಮಾನ್ಯ ಆರೋಗ್ಯ ವಿಮೆಯೂ ಇದಕ್ಕೆ ಹಣ ಕೊಡುವುದಿಲ್ಲ.

ಉದಾಹರಣೆಗೆ, ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 25,000 ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ 3 ಲಕ್ಷ, 5 ವರ್ಷಕ್ಕೆ 15 ಲಕ್ಷ. ಕಾಯ್ದೆಯಡಿ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಉಳಿದದ್ದು ಹಿರಿಯರ ಕೈಯಿಂದಲೇ ಬರಬೇಕು. ಕೈಯಲ್ಲಿ ಆಸ್ತಿ ಉಳಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಮನೆ ಹಿರಿಯರ ಹೆಸರಿನಲ್ಲೇ ಇದ್ದರೆ ಬಾಡಿಗೆಗೆ ಕೊಡಬಹುದು, ಮಾರಬಹುದು. ಇಲ್ಲವೇ ರಿವರ್ಸ್ ಮಾರ್ಟ್‌ಗೇಜ್ ಮೂಲಕ ಅದೇ ಮನೆಯಲ್ಲಿ ವಾಸಿಸುತ್ತಲೇ ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯಬಹುದು. ಅವರ ನಂತರ ಮಕ್ಕಳು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು.

ಹಾಗಾದರೆ ಏನು ಮಾಡಬೇಕು?

• ಆರೈಕೆಯ ಖರ್ಚು ಮೊದಲು ಲೆಕ್ಕ ಹಾಕಿ, ಹಂಚಿಕೆಯ ಮಾತು ಆಮೇಲೆ.
• ಸಾಧ್ಯವಾದಷ್ಟು ದಾನಪತ್ರ ಬೇಡ, ಉಯಿಲು ಮಾಡಿ.
• ದಾನಪತ್ರ ಮಾಡಲೇಬೇಕಾದರೆ ಪೋಷಣೆಯ ಷರತ್ತು ಮತ್ತು ಜೀವನಪರ್ಯಂತ ವಾಸದ ಹಕ್ಕನ್ನು ಪತ್ರದಲ್ಲೇ ಬರೆಸಿ. ನೋಂದಣಿಗೆ ಮೊದಲು ವಕೀಲರಿಗೆ ತೋರಿಸಿ.
• ಕೆಲಸ ಬಿಟ್ಟು ಹಿರಿಯರ ಸೇವೆ ಮಾಡುವ ಮಗಳು ಅಥವಾ ಸೊಸೆಯ ಶ್ರಮಕ್ಕೂ ಬೆಲೆ ಇದೆ. ಒಡಹುಟ್ಟಿದವರು ಕೂತು ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.
• ಈಗಾಗಲೇ ಬರೆದುಕೊಟ್ಟು ತೊಂದರೆಯಲ್ಲಿದ್ದರೆ ನಿಮ್ಮ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಿ. ಮಾಹಿತಿಗೆ ಹಿರಿಯರ ಸಹಾಯವಾಣಿ 14567.

ತೀರ್ಮಾನ: ಫಾರ್ವರ್ಡ್ ಸಂದೇಶ ದಾರಿ ತಪ್ಪಿಸುವಂಥದ್ದು. ಷರತ್ತು ಇಲ್ಲದೆ ಬರೆದುಕೊಟ್ಟ ಆಸ್ತಿಯನ್ನು ಈ ಕಾಯ್ದೆಯಡಿ ವಾಪಸ್ ಪಡೆಯುವುದು ಕಷ್ಟ. ಆ ಸಂದೇಶ ಮತ್ತೆ ನಿಮ್ಮ ಗ್ರೂಪ್‌ಗೆ ಬಂದರೆ, ಷರತ್ತಿನ ವಿಷಯವನ್ನೂ ಜೊತೆಗೆ ತಿಳಿಸಿ.