ಕಣಿವೆಯ ಪರವಾಗಿ ವಕಾಲತ್ತು

ನನ್ನ ತಂದೆ ವಕೀಲರೊಬ್ಬರಲ್ಲಿ ಗುಮಾಸ್ತರಾಗಿದ್ದರು. ರಾತ್ರಿ ಊಟವಾದ ಮೇಲೆ ಅವರು ಕಾಗದದ ಕಟ್ಟುಗಳನ್ನು ಬಿಚ್ಚಿ ನಕಲು ಮಾಡುತ್ತಿರುವಾಗ ಪಕ್ಕದಲ್ಲಿ ಕುಳಿತು ಇಣುಕಿ ಓದುವುದು ನನ್ನ ಬಾಲ್ಯದ ಚಪಲಗಳಲ್ಲಿ ಒಂದು. ಒಮ್ಮೆ ಒಂದು ದಾವೆಯ ಕಾಗದದಲ್ಲಿ, ವಾದಿಯ ಹೆಸರಿರಬೇಕಾದ ಕಡೆ ನಮ್ಮೂರಿನ ದೇವರ ಹೆಸರನ್ನೇ ಕಂಡು ಬೆರಗಾದೆ. ದೇವಸ್ಥಾನದ ಗದ್ದೆಯನ್ನು ಯಾರೋ ಒತ್ತಿಕೊಂಡಿದ್ದರು. ಅದಕ್ಕಾಗಿ ದೇವರೇ ದಾವೆ ಹೂಡಿದ್ದ. "ದೇವರು ಕೋರ್ಟಿಗೆ ಬರುತ್ತಾನೇನಪ್ಪ?" ಎಂದು ಕೇಳಿದೆ. ತಂದೆ ಬರೆಯುವುದನ್ನು ನಿಲ್ಲಿಸದೆಯೇ, "ಅವನೇಕೆ ಬರಬೇಕು? ಕೆಳಗೆ 'ಮುಖಾಂತರ' ಎಂದು ಇದೆಯಲ್ಲ, ಅವರು ಬರುತ್ತಾರೆ" ಎಂದರು. ದೇವರ ಹೆಸರಿನ ಕೆಳಗೆ ಧರ್ಮದರ್ಶಿಯ ಹೆಸರಿತ್ತು.

ಆ 'ಮುಖಾಂತರ' ಎಂಬ ಮಾತು ಮತ್ತೆ ನೆನಪಿಗೆ ಬಂದುದು ಬಹಳ ವರ್ಷಗಳ ಮೇಲೆ, ಅಮೆರಿಕದ ಒಂದು ಪರ್ವತಕಣಿವೆಯ ವ್ಯಾಜ್ಯವನ್ನು ಕುರಿತು ಓದುತ್ತಿದ್ದಾಗ. ಹಿಮಜಾರಾಟದ ವಿಹಾರಧಾಮವೊಂದನ್ನು ಅಲ್ಲಿ ಕಟ್ಟಹೊರಟವರಿಗೂ ಕೂಡದೆಂದವರಿಗೂ ನಡುವೆ 1965ರಿಂದ 1978ರವರೆಗೆ ಹದಿಮೂರು ವರ್ಷ ಹೋರಾಟ ನಡೆಯಿತು. ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಅದು ಬಂದಾಗ ಎದ್ದ ಪ್ರಶ್ನೆ ವಿಹಾರಧಾಮ ಬೇಕೋ ಬೇಡವೋ ಎಂಬುದಲ್ಲ. ಕಣಿವೆಯ ಪರವಾಗಿ ನ್ಯಾಯಾಲಯಕ್ಕೆ ಬರಲು ಯಾರಿಗೆ ಅರ್ಹತೆಯಿದೆ ಎಂಬುದು.

ಕಣಿವೆಯ ಹೆಸರು ಮಿನರಲ್ ಕಿಂಗ್. ಖನಿಜಗಳ ರಾಜ ಎಂದು ಅರ್ಥ. ಕ್ಯಾಲಿಫೋರ್ನಿಯ ರಾಜ್ಯದ ಸಿಯೆರಾ ನೆವಾಡ ಪರ್ವತಶ್ರೇಣಿಯ ದಕ್ಷಿಣ ಭಾಗದಲ್ಲಿ, ಸಮುದ್ರಮಟ್ಟದಿಂದ ಏಳೂವರೆ ಸಾವಿರ ಅಡಿಗೂ ಎತ್ತರದಲ್ಲಿ ಅದು ಮಲಗಿದೆ. ಸುತ್ತ ಹನ್ನೊಂದು ಹನ್ನೆರಡು ಸಾವಿರ ಅಡಿಯ ಶಿಖರಗಳು. ನಡುವೆ ಕಾವೀಯ ನದಿಯ ಒಂದು ಕವಲು. ಬೇಸಗೆಯಲ್ಲಿ ಯೋಕುಟ್ಸ್ ಮೊದಲಾದ ಮೂಲನಿವಾಸಿಗಳು ಬೇಟೆಗೂ ವ್ಯಾಪಾರಕ್ಕೂ ಈ ಬೆಟ್ಟಗಳನ್ನು ಹತ್ತಿ ಬರುತ್ತಿದ್ದರು. ಮುಂದೆ ನಾನು ಹೇಳಲಿರುವ ಕಥೆಯಲ್ಲಿ ಯಾರೂ ಅವರನ್ನು ಒಂದು ಮಾತು ಕೇಳಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುವುದು ಲೇಸು.

1873ರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಿತೆಂಬ ಸುದ್ದಿ ಹಬ್ಬಿತು. ಜನ ನುಗ್ಗಿದರು, ಗಣಿ ತೋಡಿದರು, ಮರ ಕಡಿದರು, 1879ರಲ್ಲಿ ಬೆಟ್ಟದ ಮೈಯನ್ನು ಕೊರೆದು ಒಂದು ದಾರಿಯನ್ನೂ ಮಾಡಿಕೊಂಡರು. ಆದರೆ ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸುವುದು ಕಷ್ಟವಾಗಿ, ಕೆಲವೇ ವರ್ಷಗಳಲ್ಲಿ ರಾಜನ ಭಂಡಾರ ಬರಿದೆಂದು ಗೊತ್ತಾಯಿತು. ಬಂದವರು ಬಂದಂತೆಯೇ ಇಳಿದುಹೋದರು. ಉಳಿದುದು ಆ ದಾರಿ ಮತ್ತು ಹೆಸರು. ಸುಮಾರು ಇಪ್ಪತ್ತೈದು ಮೈಲಿಯ ಆ ದಾರಿಯಲ್ಲಿ ಏಳುನೂರರಷ್ಟು ತಿರುವುಗಳಿವೆಯೆಂದು ಎಣಿಸಿದವರು ಹೇಳುತ್ತಾರೆ.

ಈ ಹಳೆಯ ಗಾಯವೇ ಕಣಿವೆಗೆ ಮುಂದೆ ಮುಳುವಾಯಿತು. 1890ರಲ್ಲಿ ಸಿಕ್ವೊಯ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದಾಗ ಮಿನರಲ್ ಕಿಂಗ್ ಹೊರಗುಳಿಯಿತು. 1926ರಲ್ಲಿ ಉದ್ಯಾನದ ಎಲ್ಲೆಯನ್ನು ವಿಸ್ತರಿಸಿದಾಗಲೂ, ಗಣಿ ತೋಡಿ ಕೆಟ್ಟ ನೆಲವೆಂದು, ಅದನ್ನು ಒಳಗೆ ಸೇರಿಸದೆ ವನ್ಯಪ್ರಾಣಿಗಳ ಆಶ್ರಯಧಾಮವೆಂಬ ಹೆಸರು ಕೊಟ್ಟು ಅರಣ್ಯ ಇಲಾಖೆಯ ವಶದಲ್ಲಿಯೇ ಬಿಟ್ಟರು. ಭೂಪಟದಲ್ಲಿ ನೋಡಿದರೆ ಉದ್ಯಾನದೊಳಕ್ಕೆ ಚಾಚಿದ ಹೆಬ್ಬೆರಳಿನಂತೆ ಅದು ಕಾಣುತ್ತಿತ್ತು. ಉದ್ಯಾನದಲ್ಲಿ ಕಟ್ಟಲಾಗದುದನ್ನು ಆ ಹೆಬ್ಬೆರಳಿನ ಮೇಲೆ ಕಟ್ಟಬಹುದಾಗಿತ್ತು.

ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಕ್ರೀಡೆಗೆ ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಬಹಳ ಜನ ಮರುಳಾದರು. ಜಾರುವುದು ಸುಲಭ, ಮತ್ತೆ ಮೇಲೇರುವುದು ಕಷ್ಟ. ಆದುದರಿಂದ ಆಟಗಾರರನ್ನು ಎತ್ತಿ ಒಯ್ಯುವ ತಂತಿಗಳು ಬೇಕು, ಕಂಬಗಳು ಬೇಕು, ಮರ ಕಡಿದು ಬೋಳಿಸಿದ ಇಳಿಜಾರುಗಳು ಬೇಕು, ತಂಗಲು ಹೋಟೆಲು ಬೇಕು. 1949ರಲ್ಲಿ ಅರಣ್ಯ ಇಲಾಖೆ ಮಿನರಲ್ ಕಿಂಗಿಗಾಗಿ ಉದ್ಯಮಿಗಳನ್ನು ಕರೆಯಿತು. ದಾರಿಯ ಅವಸ್ಥೆಯನ್ನು ನೋಡಿ ಯಾರೂ ಮುಂದೆ ಬರಲಿಲ್ಲ. ಆಗ ಆ ಯೋಜನೆಗೆ ಸಿಯೆರಾ ಕ್ಲಬ್ ಅಡ್ಡಿಪಡಿಸಲಿಲ್ಲ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. 1892ರಲ್ಲಿ ಜಾನ್ ಮ್ಯೂರ್ ಸ್ಥಾಪಿಸಿದ, ಪರ್ವತಗಳ ರಕ್ಷಣೆಗೆ ಹೆಸರಾದ ಸಂಸ್ಥೆ ಅದು. ಅದರ ಸದಸ್ಯರಲ್ಲಿಯೂ ಹಿಮಜಾರಾಟದ ಪ್ರೇಮಿಗಳಿದ್ದರು. ಬೇರೊಂದು ಬೆಟ್ಟವನ್ನು ಉಳಿಸಲು ಈ ಕಣಿವೆ ಹೋದರೆ ಹೋಗಲಿ ಎಂಬ ಲೆಕ್ಕಾಚಾರವೂ ಇತ್ತು. ಒಮ್ಮೆ ಒಪ್ಪಿದುದು ತಪ್ಪೆಂದು 1965ರಲ್ಲಿ ಅದು ತನ್ನ ನಿಲುವನ್ನು ಬದಲಿಸಿಕೊಂಡಿತು. ವಿರೋಧಿಗಳು ಈ ಮಾತನ್ನು ಹೇಳಿ ಬಹಳ ಕಾಲ ಹಂಗಿಸಿದರು. ನನಗೆ ಮಾತ್ರ ಆ ಸಂಸ್ಥೆಯ ಮೇಲೆ ಗೌರವ ಹುಟ್ಟಿದುದು ಇಲ್ಲಿಯೇ. ತಪ್ಪಾಯಿತೆಂದು ತಿಳಿದ ಮೇಲೂ ಹಳೆಯ ಮಾತಿಗೇ ಜೋತುಬೀಳುವ ಸಂಸ್ಥೆಗಳನ್ನು ನಾವೆಷ್ಟು ಕಂಡಿಲ್ಲ!

ಅದೇ 1965ರಲ್ಲಿ ಅರಣ್ಯ ಇಲಾಖೆ ಮತ್ತೆ ಕರೆಯಿತು. ಈ ಸಲ ಆರು ಮಂದಿ ಬಂದರು. ಆಯ್ಕೆಯಾದುದು ವಾಲ್ಟ್ ಡಿಸ್ನಿಯವರ ಸಂಸ್ಥೆ. ಮಿಕ್ಕಿ ಇಲಿಯನ್ನು ಸೃಷ್ಟಿಸಿದ ಅದೇ ಡಿಸ್ನಿ. ಆತ ಕಾಡಿನ ಶತ್ರುವೇನೂ ಆಗಿರಲಿಲ್ಲ. ವನ್ಯಜೀವಿಗಳನ್ನು ಕುರಿತ ಅವರ ಚಿತ್ರಗಳು ಲಕ್ಷಾಂತರ ಮಕ್ಕಳಿಗೆ ಪ್ರಾಣಿಗಳ ಮೇಲೆ ಅಕ್ಕರೆ ಹುಟ್ಟಿಸಿದ್ದವು; 1950ರ ದಶಕದಲ್ಲಿ ಸಿಯೆರಾ ಕ್ಲಬ್ಬೇ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತ್ತು. 1966ರ ಸೆಪ್ಟೆಂಬರಿನಲ್ಲಿ ರಾಜ್ಯಪಾಲರೊಡನೆ ಕಣಿವೆಯಲ್ಲಿಯೇ ನಿಂತು ಅವರು ಪತ್ರಕರ್ತರಿಗೆ ತಮ್ಮ ಕನಸನ್ನು ವಿವರಿಸಿದರು. ಅದೇ ಡಿಸೆಂಬರ್ 15ರಂದು ತೀರಿಕೊಂಡರು. ಕನಸು ಸಂಸ್ಥೆಯ ಪಾಲಿಗೆ ಉಳಿಯಿತು.

1969ರ ಜನವರಿಯಲ್ಲಿ ಅರಣ್ಯ ಇಲಾಖೆ ಒಪ್ಪಿದ ಯೋಜನೆ ಹೀಗಿತ್ತು: ಮೂರೂವರೆ ಕೋಟಿ ಡಾಲರಿನ ಖರ್ಚು, ಕಣಿವೆಯ ತಳದಲ್ಲಿ 80 ಎಕರೆಯಲ್ಲಿ ವಸತಿಗೃಹಗಳು, ಉಪಾಹಾರಮಂದಿರಗಳು, ಈಜುಕೊಳಗಳು, ದಿನವೊಂದಕ್ಕೆ 14,000 ಜನರಿಗೆ ಅನುಕೂಲ. ಕಾರುಗಳನ್ನು ಕಣಿವೆಯ ಹೊರಗೇ ನಿಲ್ಲಿಸಿ ಜನರನ್ನು ಹಲ್ಲುಗಾಲಿಯ ರೈಲಿನಲ್ಲಿ ಒಳಗೆ ಒಯ್ಯಬೇಕೆಂದು ಯೋಚಿಸಿದ್ದರು. ಪ್ರಕೃತಿಯ ಬಗ್ಗೆ ತಮಗಿರುವ ಕಾಳಜಿಗೆ ಇದೇ ಸಾಕ್ಷಿಯೆಂದು ಸಂಸ್ಥೆಯವರು ಹೇಳಿಕೊಂಡರು. ಅದು ಪೂರಾ ಸುಳ್ಳೂ ಅಲ್ಲ. ಆದರೆ ಅಲ್ಲಿಗೆ ತಲಪಲು ರಾಜ್ಯವು 20 ಮೈಲಿಯ ಹೊಸ ಹೆದ್ದಾರಿಯನ್ನು ಕಟ್ಟಬೇಕಿತ್ತು. ಅದರ ಒಂದು ಭಾಗವೂ, ವಿದ್ಯುತ್ತಿನ ತಂತಿಗಳೂ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡು, ಸಾವಿರಾರು ವರ್ಷ ಬಾಳುವ ಸಿಕ್ವೊಯ ಮರಗಳ ಸನಿಹದಲ್ಲಿ ಹಾದುಹೋಗಬೇಕಿತ್ತು. ಉದ್ಯಾನಗಳ ಹೊಣೆ ಹೊತ್ತಿದ್ದ ಸಚಿವ ಸ್ಟೂವರ್ಟ್ ಯುಡಾಲ್ ಇದಕ್ಕೆ ಬಹುಕಾಲ ಒಪ್ಪದೆ, ಕೊನೆಗೆ ಒತ್ತಡಕ್ಕೆ ಮಣಿದಿದ್ದರು.

ಬೆಂಬಲಿಸಿದವರೆಲ್ಲ ಲೋಭಿಗಳೆಂದು ತಿಳಿಯಬಾರದು. ಜಿಲ್ಲೆಗೆ ಆದಾಯ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ, ನಾಡಿನ ಭೂಮಿ ಬೆನ್ನಿಗೆ ಚೀಲ ಹೊತ್ತು ನಡೆಯಬಲ್ಲ ಕೆಲವರಿಗಷ್ಟೇ ಏಕೆ ಮೀಸಲಾಗಬೇಕು, ಎಂದು ಅವರು ಕೇಳಿದರು. ಕೊನೆಯ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಆದರೆ ಹದಿನಾಲ್ಕು ಸಾವಿರ ಜನ ದಿನವೂ ಬಂದ ಮೇಲೆ, ಅವರು ನೋಡಬಂದ ಕಣಿವೆ ಅಲ್ಲಿರುತ್ತದೆಯೇ ಎಂಬುದಕ್ಕೆ ಅವರಲ್ಲಿಯೂ ಉತ್ತರವಿರಲಿಲ್ಲ.

1969ರ ಜೂನಿನಲ್ಲಿ ಸಿಯೆರಾ ಕ್ಲಬ್ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದಲ್ಲಿ ದಾವೆ ಹೂಡಿತು. ನ್ಯಾಯಾಧೀಶ ಸ್ವೈಗರ್ಟ್ ತಡೆಯಾಜ್ಞೆ ಕೊಟ್ಟರು. ಮುಂದಿನ ವರ್ಷ ಮೇಲಿನ ನ್ಯಾಯಾಲಯ ಅದನ್ನು ತೆಗೆದುಹಾಕಿತು: ಕಣಿವೆ ಕೆಟ್ಟರೆ ಕ್ಲಬ್ಬಿಗೆ ಏನು ನಷ್ಟ? ನಷ್ಟವಿಲ್ಲದವನಿಗೆ ದಾವೆ ಹೂಡುವ ಅರ್ಹತೆ ಎಲ್ಲಿಯದು?

ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದಿತ್ತು. ಕ್ಲಬ್ಬಿನ ಸದಸ್ಯರು ಎಷ್ಟೋ ವರ್ಷಗಳಿಂದ ಆ ಕಣಿವೆಗೆ ಹೋಗಿ ಬಿಡಾರ ಹೂಡುತ್ತಿದ್ದರು. 'ನಮ್ಮ ಸದಸ್ಯರು ಅಲ್ಲಿ ನಡೆದಾಡುತ್ತಾರೆ, ಅವರ ಸುಖಕ್ಕೆ ಭಂಗವಾಗುತ್ತದೆ' ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಬೇಕೆಂದೇ ಅವರು ಸೇರಿಸಲಿಲ್ಲ. ನಷ್ಟ ನಮ್ಮದಲ್ಲ, ಕಣಿವೆಯದು. ಅದನ್ನು ಕಾಯುವುದು ನಮ್ಮ ಬಹುಕಾಲದ ಕೆಲಸ, ಅದೇ ನಮ್ಮ ಅರ್ಹತೆ ಎಂದು ಪಟ್ಟು ಹಿಡಿದರು. ನಮ್ಮ ಧರ್ಮದರ್ಶಿಗಳು ಗದ್ದೆ ತಮ್ಮದಲ್ಲ, ದೇವರದು ಎಂದು ಹೇಳುವ ಹಾಗೆ.

ಅದೇ ಸಮಯದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕಾನೂನು ಪ್ರಾಧ್ಯಾಪಕ ಕ್ರಿಸ್ಟೋಫರ್ ಸ್ಟೋನ್ ಒಂದು ದಿನ ಆಸ್ತಿಯ ಹಕ್ಕುಗಳನ್ನು ಕುರಿತು ಪಾಠ ಹೇಳುತ್ತಿದ್ದರು. ಗಂಟೆ ಮುಗಿಯುತ್ತಾ ಬಂದಿತ್ತು, ವಿದ್ಯಾರ್ಥಿಗಳ ಗಮನ ಚದುರಿತ್ತು. ಅವರನ್ನು ಎಚ್ಚರಿಸಲೆಂದು, ನದಿಗೆ, ಮರಕ್ಕೆ ಹಕ್ಕುಗಳಿದ್ದರೆ ಹೇಗಿರುತ್ತದೆ ಎಂದು ಕೇಳಿಬಿಟ್ಟರು. ತರಗತಿಯಲ್ಲಿ ಕೋಲಾಹಲವೆದ್ದಿತು. ಹೇಳಿದ ಮಾತನ್ನು ಸಮರ್ಥಿಸಲು ಅವರಿಗೊಂದು ಮೊಕದ್ದಮೆ ಬೇಕಾಯಿತು. ಗ್ರಂಥಾಲಯದವರು ಹುಡುಕಿ ಕೊಟ್ಟುದು ಮಿನರಲ್ ಕಿಂಗಿನದು. ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಬಾಗಿಲಲ್ಲಿತ್ತು. ಮರಗಳಿಗೆ ವ್ಯಾಜ್ಯ ಹೂಡುವ ಅರ್ಹತೆ ಇರಬೇಕೆ ಎಂಬ ಲೇಖನವನ್ನು ಅವರು ಅವಸರದಿಂದ ಬರೆದು, ತಮ್ಮ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಸೇರಿಸಿದರು. ಆ ಸಂಚಿಕೆಗೆ ಮುನ್ನುಡಿ ಬರೆಯಲು ಒಪ್ಪಿದ್ದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಆದುದರಿಂದ ಲೇಖನ ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆಂದು ಸ್ಟೋನರಿಗೆ ಗೊತ್ತಿತ್ತು!

ತೀರ್ಪು ಬಂದುದು 1972ರ ಏಪ್ರಿಲ್ 19ರಂದು. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕ್ಲಬ್ಬಿಗೆ ವಿರೋಧವಾಗಿ, ಮೂವರು ಪರವಾಗಿ. ಬಹುಮತದ ತೀರ್ಪನ್ನು ಬರೆದ ಸ್ಟೂವರ್ಟ್, ಪ್ರಕೃತಿಸೌಂದರ್ಯದ ಹಾನಿಯೂ ಹಾನಿಯೇ ಎಂದು ಒಪ್ಪಿದರು. ಆದರೆ ಆ ಹಾನಿ ವಾದಿಗೇ ತಟ್ಟಿರಬೇಕು, ಆಸಕ್ತಿಯೊಂದೇ ಸಾಲದು ಎಂದರು. ಡಗ್ಲಸ್ ಒಪ್ಪಲಿಲ್ಲ. ಪರ್ವತಗಳಲ್ಲಿ ಅಲೆದು ಬೆಳೆದ ಮನುಷ್ಯ. ಹಿಂದೊಮ್ಮೆ ಸಿಯೆರಾ ಕ್ಲಬ್ಬಿನ ಆಡಳಿತ ಮಂಡಲಿಯಲ್ಲಿಯೂ ಇದ್ದವರು. ಹಡಗಿಗೆ ಕಾನೂನಿನಲ್ಲಿ ವ್ಯಕ್ತಿತ್ವವಿದೆ, ವ್ಯಾಪಾರದ ಕಂಪನಿಗಿದೆ. ಹಾಗಾದರೆ ನದಿಗೆ, ಕಣಿವೆಗೆ ಏಕಿರಬಾರದು ಎಂದು ಅವರು ಸ್ಟೋನರ ಲೇಖನವನ್ನು ಹೆಸರಿಸಿಯೇ ಕೇಳಿದರು. ಈ ಮೊಕದ್ದಮೆಯ ನಿಜವಾದ ಹೆಸರು 'ಮಿನರಲ್ ಕಿಂಗ್ ವಿರುದ್ಧ ಮಾರ್ಟನ್' ಎಂದಿರಬೇಕಿತ್ತು ಎಂಬುದು ಅವರ ಅಭಿಪ್ರಾಯ. ಮಾರ್ಟನ್ ಆಗಿನ ಸಚಿವರು. ಬ್ಲ್ಯಾಕ್‌ಮನ್ ಅವರ ಭಿನ್ನಮತ ಮುಗಿಯುವುದು ಕವಿ ಜಾನ್ ಡನ್ನನ ನೆನಕೆಯೊಂದಿಗೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದು ಸಂತೋಷದ ಸಂಗತಿ. ಆದರೆ ಕವಿಯ ಸಾಕ್ಷ್ಯಕ್ಕೆ ಅಂದು ಒಂದು ಮತ ಕಡಿಮೆಯಾಯಿತು.

ಡಗ್ಲಸ್ ಅವರ ಮಾತನ್ನು ಅಮೆರಿಕದ ಪತ್ರಿಕೆಗಳಲ್ಲಿ ಹಲವರು ಗೇಲಿ ಮಾಡಿದರು. ನಮ್ಮ ದೇಶದವನು ನಗಲಾರ. 1925ರಲ್ಲಿಯೇ ಪ್ರಿವಿ ಕೌನ್ಸಿಲ್ ಕಲ್ಕತ್ತೆಯ ಮಲ್ಲಿಕ್ ಮನೆತನದ ವ್ಯಾಜ್ಯವೊಂದರಲ್ಲಿ, ಮನೆದೇವರ ವಿಗ್ರಹ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯೆಂದು ಒಪ್ಪಿ, ಅದರ ಪರವಾಗಿ ಮಾತನಾಡಲು ಸ್ವಂತ ಲಾಭವಿಲ್ಲದ ಒಬ್ಬನನ್ನು ನೇಮಿಸಬೇಕೆಂದು ಹೇಳಿತ್ತು. ಲಾಭವಿಲ್ಲದವನೇ ಬೇಕು ಎಂಬುದು ಅಲ್ಲಿನ ನ್ಯಾಯ. ನಷ್ಟವಿಲ್ಲದವನು ಬೇಡ ಎಂಬುದು ವಾಷಿಂಗ್ಟನ್ನಿನ ನ್ಯಾಯ. ಬಹಳ ಕಾಲದ ಮೇಲೆ, 2017ರಲ್ಲಿ, ನ್ಯೂಜಿಲೆಂಡ್ ತನ್ನ ವಾಂಗನೂಯಿ ನದಿಯನ್ನು ಕಾನೂನಿನ ಮೂಲಕ ವ್ಯಕ್ತಿಯೆಂದು ಒಪ್ಪಿಕೊಂಡಿತು. ಅದೇ ವರ್ಷ ಉತ್ತರಾಖಂಡದ ಉಚ್ಚ ನ್ಯಾಯಾಲಯ ಗಂಗೆ ಯಮುನೆಯರ ಬಗ್ಗೆ ಹಾಗೆಯೇ ಹೇಳಿತಾದರೂ ನಮ್ಮ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು.

ಸೋತ ಕ್ಲಬ್ಬು ಏನು ಮಾಡಿತು? ದಾವೆಯನ್ನು ತಿದ್ದಿಕೊಳ್ಳಲು ಅಡ್ಡಿಯಿಲ್ಲವೆಂದು ಬಹುಮತದ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ ಸೂಚನೆಯಿತ್ತು. ಎರಡೇ ತಿಂಗಳಲ್ಲಿ ಕ್ಲಬ್ಬು ಆ ಒಂದು ಸಾಲನ್ನು ಸೇರಿಸಿತು. ಕಣಿವೆಯಲ್ಲಿ ನಡೆದಾಡುವ ಕೆಲವರನ್ನೂ, ಅಲ್ಲಿ ಹಳೆಯ ಮರದ ಮನೆಗಳನ್ನು ಇಟ್ಟುಕೊಂಡಿದ್ದವರ ಸಂಘವನ್ನೂ ವಾದಿಗಳನ್ನಾಗಿ ಮಾಡಿಕೊಂಡಿತು. ತತ್ತ್ವವನ್ನು ಕೆಳಗಿಟ್ಟು ಕಣಿವೆಯನ್ನು ಹಿಡಿದುಕೊಂಡಿತು ಎನ್ನಬಹುದು. ಅದು ಸರಿಯಾದ ಕೆಲಸವೆಂದೇ ನನ್ನ ಭಾವನೆ.

ಮುಂದೆ ಕೆಲಸ ಮಾಡಿದುದು ಕಾಲ. ಪರಿಸರದ ಮೇಲಾಗುವ ಪರಿಣಾಮವನ್ನು ಮೊದಲು ಅಧ್ಯಯನ ಮಾಡಬೇಕೆಂಬ ಹೊಸ ಕಾನೂನು 1970ರಿಂದ ಜಾರಿಗೆ ಬಂದಿತ್ತು. ಯೋಜನೆಗೆ ಒಪ್ಪಿಗೆ ದೊರೆತುದು ಅದಕ್ಕೂ ಮೊದಲು. ಆದರೆ ವ್ಯಾಜ್ಯದಿಂದಾದ ವಿಳಂಬದಲ್ಲಿ ಯೋಜನೆ ಆ ಕಾನೂನಿನ ಕೈಗೆ ಸಿಕ್ಕಿತು. ಅಧ್ಯಯನದ ಅಂತಿಮ ವರದಿ ಸಿದ್ಧವಾಗುವ ವೇಳೆಗೆ 1976 ಬಂದಿತ್ತು. ಹೆದ್ದಾರಿಯ ಯೋಜನೆಯನ್ನು ರಾಜ್ಯವು 1972ರಲ್ಲಿಯೇ ಕೈಬಿಟ್ಟಿತ್ತು. ಡಿಸ್ನಿ ಸಂಸ್ಥೆಯ ಉತ್ಸಾಹ ಆರಿತು. ಚಳಿಗಾಲದ ಅತಿಥಿಗಳ ಮನರಂಜನೆಗೆಂದು ಅವರು ಯೋಚಿಸಿದ್ದ ಹಾಡುವ ಯಂತ್ರಕರಡಿಗಳು 1971ರಲ್ಲೇ ಫ್ಲಾರಿಡದ ಅವರ ಹೊಸ ಉದ್ಯಾನವನ್ನು ಸೇರಿ ಅಲ್ಲಿ ಹಾಡತೊಡಗಿದ್ದವು. 1977ರಲ್ಲಿ, ವಿಚಾರಣೆಯೇ ನಡೆಯದೆ, ಮೊಕದ್ದಮೆ ವಜಾ ಆಯಿತು. ಯಾರ ಹಕ್ಕನ್ನೂ ಯಾವ ನ್ಯಾಯಾಲಯವೂ ಎತ್ತಿಹಿಡಿಯಲಿಲ್ಲ.

ಕಣಿವೆಯನ್ನು ಸಿಕ್ವೊಯ ಉದ್ಯಾನಕ್ಕೆ ಸೇರಿಸುವ ಮಸೂದೆಗಾಗಿ ದುಡಿದವರು ಆ ಭಾಗದ ಪ್ರತಿನಿಧಿ ಜಾನ್ ಕ್ರೆಬ್ಸ್. ಅವರ ಮತದಾರರಲ್ಲಿ ಬಹಳ ಮಂದಿಗೆ ವಿಹಾರಧಾಮ ಬೇಕಾಗಿತ್ತು. ಅದನ್ನು ತಿಳಿದೇ ಅವರು ಮಸೂದೆಯನ್ನು ಹಿಡಿದು ನಡೆದರು. 1978ರ ನವೆಂಬರಿನ ಚುನಾವಣೆಯಲ್ಲಿ ಸೋತರು. ಕೆಲವೇ ದಿನಗಳಲ್ಲಿ, ನವೆಂಬರ್ 10ರಂದು, ಅಧ್ಯಕ್ಷ ಕಾರ್ಟರ್ ಅದಕ್ಕೆ ಸಹಿ ಹಾಕಿದರು. ಹಿಮಜಾರಾಟದ ಕಾಯಂ ಕಟ್ಟಡಗಳು ಆ ಕಣಿವೆಗೆ ಒಗ್ಗುವುದಿಲ್ಲವೆಂದು ಕಾನೂನಿನಲ್ಲಿಯೇ ಬರೆಯಲಾಯಿತು.

ಆ ಏಳುನೂರು ತಿರುವುಗಳ ದಾರಿ ಈಗಲೂ ಹಾಗೆಯೇ ಇದೆ. ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ. ಬೇಸಗೆಯ ಮೊದಲಲ್ಲಿ ಹೋದವರು ತಮ್ಮ ಕಾರುಗಳ ಸುತ್ತ ತಾಡಪಾಲು ಬಿಗಿಯುತ್ತಾರೆ. ಅಳಿಲಿನ ಬಳಗಕ್ಕೆ ಸೇರಿದ, ಆದರೆ ಮೊಲಕ್ಕಿಂತ ದಪ್ಪನಾದ ಮಾರ್ಮಟ್ ಎಂಬ ಪ್ರಾಣಿ ಅಲ್ಲಿದೆ; ಅದು ಕಾರಿನೊಳಕ್ಕೆ ನುಸುಳಿ ರಬ್ಬರಿನ ಕೊಳವೆಗಳನ್ನೂ ತಂತಿಗಳನ್ನೂ ಕಡಿದುಹಾಕುತ್ತದೆ. 2009ರಲ್ಲಿ ಕಣಿವೆಯ ಸುತ್ತಲಿನ ಬೆಟ್ಟಗಳನ್ನು ಶಾಶ್ವತ ವನ್ಯಪ್ರದೇಶವೆಂದು ಘೋಷಿಸಿ ಅದಕ್ಕೆ ಜಾನ್ ಕ್ರೆಬ್ಸರ ಹೆಸರಿಟ್ಟರು. ಚುನಾವಣೆಯಲ್ಲಿ ಸೋತು ಮೂವತ್ತು ವರ್ಷವಾಗಿದ್ದ ಆ ಮನುಷ್ಯ ಅದನ್ನು ನೋಡಲು ಇನ್ನೂ ಬದುಕಿದ್ದರು.