ಹಳೆಯ ಸಾರಿಗೆ ವಾಹನಗಳ ವಾರ್ಷಿಕ ಅರ್ಹತಾ ತಪಾಸಣೆ: ಮಾಲೀಕರು ಕೈಗೊಳ್ಳಬೇಕಾದ ಪೂರ್ವಸಿದ್ಧತೆ

ಅರ್ಹತಾ ಪ್ರಮಾಣ ಪತ್ರ ಎಂದರೇನು?

ಆಟೋರಿಕ್ಷಾ, ಟ್ಯಾಕ್ಸಿ, ಮ್ಯಾಕ್ಸಿ ಕ್ಯಾಬ್, ಬಸ್ಸು, ಶಾಲಾ ವಾಹನ ಹಾಗೂ ಸರಕು ಸಾಗಿಸುವ ಟೆಂಪೋ ಮತ್ತು ಲಾರಿಗಳು ಸಾರಿಗೆ ವಾಹನಗಳಾಗಿರುತ್ತವೆ. ಇಂತಹ ವಾಹನವು ರಸ್ತೆಯಲ್ಲಿ ಸಂಚರಿಸಲು ಯೋಗ್ಯವಾಗಿದೆ ಎಂದು ದೃಢೀಕರಿಸುವ ದಾಖಲೆಯೇ ಅರ್ಹತಾ ಪ್ರಮಾಣ ಪತ್ರ. ಇದು ಸಾರ್ವಜನಿಕರಲ್ಲಿ ಎಫ್.ಸಿ. ಎಂದು ರೂಢಿಯಲ್ಲಿದೆ. ಮೋಟಾರು ವಾಹನ ಅಧಿನಿಯಮ, 1988ರ ಕಲಂ 56ರ ಪ್ರಕಾರ, ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಅಂತಹ ವಾಹನವನ್ನು ಚಾಲನೆ ಮಾಡಿದವರು ಮಾತ್ರವಲ್ಲದೆ, ಚಾಲನೆ ಮಾಡಲು ಬಿಟ್ಟ ಮಾಲೀಕರೂ ದಂಡನೆಗೆ ಗುರಿಯಾಗುತ್ತಾರೆ.

ಎಷ್ಟು ಅವಧಿಗೊಮ್ಮೆ ತಪಾಸಣೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 62ಕ್ಕೆ 2018ರಲ್ಲಿ ತಂದ ತಿದ್ದುಪಡಿಯಂತೆ, ಎಂಟು ವರ್ಷದವರೆಗಿನ ಸಾರಿಗೆ ವಾಹನಗಳಿಗೆ ಎರಡು ವರ್ಷದ ಅವಧಿಗೆ ಮತ್ತು ಎಂಟು ವರ್ಷ ಮೀರಿದ ವಾಹನಗಳಿಗೆ ಒಂದು ವರ್ಷದ ಅವಧಿಗೆ ಅರ್ಹತಾ ಪತ್ರವನ್ನು ನವೀಕರಿಸಲಾಗುತ್ತದೆ. ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ಈ ವಾರ್ಷಿಕ ತಪಾಸಣೆ ಅನ್ವಯಿಸುವುದಿಲ್ಲ. ಅವುಗಳ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸಿಕೊಳ್ಳತಕ್ಕದ್ದು.

ಸಿದ್ಧತೆಯ ಉದ್ದೇಶ

ತಪಾಸಣೆಯ ದಿನಕ್ಕೆಂದು ಮಾತ್ರ ಬೇರೊಂದು ವಾಹನದ ಟೈರುಗಳನ್ನು ಎರವಲು ತಂದು ಅಳವಡಿಸುವುದು, ತಪಾಸಣೆಯ ನಂತರ ವೇಗ ನಿಯಂತ್ರಕದ ಸಂಪರ್ಕವನ್ನು ಕಡಿತಗೊಳಿಸುವುದು ಮುಂತಾದ ಪ್ರವೃತ್ತಿಗಳು ಅಲ್ಲಲ್ಲಿ ಕಂಡುಬರುತ್ತವೆ. ಅರ್ಹತಾ ಪತ್ರವು ತಪಾಸಣೆಯ ಒಂದು ದಿನಕ್ಕಲ್ಲ, ಮುಂದಿನ ಒಂದು ವರ್ಷಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಸವೆದ ಟೈರನ್ನು ಮರಳಿ ಹಾಕಿಕೊಂಡು ಮಳೆಗಾಲದ ಘಾಟಿ ರಸ್ತೆಯಲ್ಲಿ ಸಾಗುವ ವಾಹನದಲ್ಲಿ ಚಾಲಕರ ಮತ್ತು ಪ್ರಯಾಣಿಕರ ಪ್ರಾಣ ಅಪಾಯದಲ್ಲಿರುತ್ತದೆ. ಸಕಾರಣವಿದ್ದಲ್ಲಿ ಅರ್ಹತಾ ಪತ್ರವನ್ನು ಅವಧಿಗೆ ಮುನ್ನವೇ ರದ್ದುಪಡಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ರದ್ದಾದಲ್ಲಿ ಹೊಸ ಅರ್ಹತಾ ಪತ್ರ ಪಡೆಯುವವರೆಗೆ ನೋಂದಣಿ ಪತ್ರ ಮತ್ತು ರಹದಾರಿ ಎರಡೂ ಅಮಾನತಿನಲ್ಲಿರುತ್ತವೆ. ದಿನದ ದುಡಿಮೆಯನ್ನೇ ನಂಬಿದ ಮಾಲೀಕರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು.

ಒಂದು ತಿಂಗಳು ಮುಂಚಿತವಾಗಿ: ದಾಖಲೆಗಳು

1. ನೋಂದಣಿ ಪತ್ರ ಮತ್ತು ಹಾಲಿ ಅರ್ಹತಾ ಪತ್ರ.
2. ಚಾಲ್ತಿಯಲ್ಲಿರುವ ವಿಮಾ ಪತ್ರ.
3. ತೆರಿಗೆ ಪಾವತಿಯ ವಿವರ ಹಾಗೂ ಅನ್ವಯವಾಗುವಲ್ಲಿ ರಹದಾರಿ.
4. ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ. ಭಾರತ್ ಸ್ಟೇಜ್-4 ಮತ್ತು ನಂತರದ ಮಾನದಂಡದ ವಾಹನಗಳಿಗೆ ಇದರ ಅವಧಿ ಒಂದು ವರ್ಷ. ಅದಕ್ಕೂ ಹಿಂದಿನ ವಾಹನಗಳಿಗೆ ಆರು ತಿಂಗಳು.

ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡತಕ್ಕದ್ದು. ಹಳೆಯ ವಾಹನಗಳಲ್ಲಿ ಚಾಸಿ ಸಂಖ್ಯೆಯು ತುಕ್ಕು ಅಥವಾ ಬಣ್ಣದಡಿ ಮರೆಯಾಗಿರುವ ಸಂಭವವಿರುತ್ತದೆ. ಅದನ್ನು ಉಜ್ಜಿ ಅಳಿಸದೆ, ಮೃದುವಾಗಿ ಶುಚಿಗೊಳಿಸುವುದು.

ಹದಿನೈದು ದಿನ ಮುಂಚಿತವಾಗಿ: ಯಾಂತ್ರಿಕ ದುರಸ್ತಿ

1. ಬ್ರೇಕ್: ಯಂತ್ರದ ಮೂಲಕ ನಡೆಸುವ ಪರೀಕ್ಷೆಯಲ್ಲಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಪ್ರತ್ಯೇಕವಾಗಿ ಅಳೆಯಲಾಗುತ್ತದೆ. ಎಡ ಮತ್ತು ಬಲ ಚಕ್ರಗಳ ನಡುವೆ ಹೆಚ್ಚಿನ ವ್ಯತ್ಯಾಸವಿದ್ದಲ್ಲಿ ಬ್ರೇಕ್ ಹಾಕಿದಾಗ ವಾಹನವು ಒಂದು ಬದಿಗೆ ಎಳೆಯುತ್ತದೆ. ಆದ್ದರಿಂದ ಲೈನರ್ ಬದಲಾಯಿಸುವಾಗ ಒಂದೇ ಅಚ್ಚಿನ ಎರಡೂ ಚಕ್ರಗಳಿಗೆ ಬದಲಾಯಿಸುವುದು ಸೂಕ್ತ. ಹ್ಯಾಂಡ್ ಬ್ರೇಕ್ ಅನ್ನು ಇಳಿಜಾರಿನಲ್ಲಿ ಪರೀಕ್ಷಿಸಿಕೊಳ್ಳುವುದು.
2. ಸ್ಟೇರಿಂಗ್: ಸಡಿಲಗೊಂಡ ಬಾಲ್ ಜಾಯಿಂಟ್, ಕಿಂಗ್ ಪಿನ್ ಹಾಗೂ ಮುರಿದ ಸ್ಪ್ರಿಂಗ್ ಪಟ್ಟಿಗಳನ್ನು ಬದಲಾಯಿಸತಕ್ಕದ್ದು.
3. ಟೈರು: ಹಲ್ಲುಗಳ ಆಳವು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ., ಇತರೆ ಸಾರಿಗೆ ವಾಹನಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಪಕ್ಕದ ರಬ್ಬರ್ ಬಿರುಕು ಬಿಟ್ಟಿದ್ದಲ್ಲಿ ಅಥವಾ ಉಬ್ಬಿದ್ದಲ್ಲಿ ಹಲ್ಲು ಇದ್ದರೂ ಟೈರನ್ನು ಬದಲಾಯಿಸುವುದು.
4. ದೀಪಗಳು: ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ದೀಪ ಮತ್ತು ನಂಬರ್ ಪ್ಲೇಟ್ ದೀಪಗಳೆಲ್ಲವೂ ಉರಿಯಬೇಕು. ಹೆಡ್‌ಲೈಟಿನ ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯದಂತೆ ಅದರ ಕೋನವನ್ನು ಸರಿಪಡಿಸಿರಬೇಕು.
5. ಪ್ರತಿಫಲಕ ಪಟ್ಟಿ: ಅನ್ವಯವಾಗುವ ವಾಹನಗಳಲ್ಲಿ ಮುಂಭಾಗಕ್ಕೆ ಬಿಳಿ, ಪಕ್ಕಗಳಿಗೆ ಹಳದಿ ಮತ್ತು ಹಿಂಭಾಗಕ್ಕೆ ಕೆಂಪು ಬಣ್ಣದ ಪಟ್ಟಿಗಳಿರತಕ್ಕದ್ದು. ಕತ್ತಲಲ್ಲಿ ರಸ್ತೆ ಬದಿ ನಿಂತ ಲಾರಿಯನ್ನು ಹಿಂದಿನಿಂದ ಬರುವವರಿಗೆ ದೂರದಿಂದಲೇ ತೋರಿಸುವುದು ಈ ಪಟ್ಟಿಯೇ.
6. ಇತರೆ: ವೈಪರ್, ಕನ್ನಡಿ, ಮುಂಭಾಗದ ಗಾಜು, ಬಾಗಿಲುಗಳ ಚಿಲಕ, ವೇಗ ನಿಯಂತ್ರಕ, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಮತ್ತು ಅಗ್ನಿಶಾಮಕ ಸಾಧನಗಳು ಅನ್ವಯವಾಗುವಂತೆ ಸುಸ್ಥಿತಿಯಲ್ಲಿರಬೇಕು. ಹಲವು ಸ್ವರಗಳ ಕರ್ಕಶ ಹಾರ್ನ್‌ಗಳನ್ನು ತೆಗೆಸತಕ್ಕದ್ದು.

ಹೊಗೆ ತಪಾಸಣೆಯನ್ನು ಎಂಜಿನ್ ದುರಸ್ತಿಯ ನಂತರವೇ ಮಾಡಿಸುವುದು ಉತ್ತಮ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಇಂಜೆಕ್ಟರ್ ಕೆಟ್ಟಿದ್ದರೆ ಡೀಸೆಲ್ ವಾಹನದ ಹೊಗೆ ಕಪ್ಪಾಗುತ್ತದೆ. ಇವುಗಳನ್ನು ಸರಿಪಡಿಸಿದಲ್ಲಿ ಇಂಧನವೂ ಉಳಿತಾಯವಾಗುತ್ತದೆ.

ಅರ್ಜಿ ಮತ್ತು ತಪಾಸಣೆ

ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಮಾಲೀಕರೇ ಸಲ್ಲಿಸಿ ಶುಲ್ಕ ಪಾವತಿಸಬಹುದಾಗಿದ್ದು, ಮಧ್ಯವರ್ತಿಗಳನ್ನು ಆಶ್ರಯಿಸುವ ಅಗತ್ಯವಿರುವುದಿಲ್ಲ. ವಾಹನದ ವರ್ಗ ಮತ್ತು ವಯಸ್ಸಿಗೆ ಅನುಗುಣವಾಗಿ ಶುಲ್ಕವು ವ್ಯತ್ಯಾಸವಾಗುತ್ತದೆ. ಅರ್ಹತಾ ಪತ್ರದ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸುವುದರಿಂದ ವಿಳಂಬದ ಹೆಚ್ಚುವರಿ ಶುಲ್ಕವನ್ನು ತಪ್ಪಿಸಬಹುದು.

ತಪಾಸಣೆಯ ಹಿಂದಿನ ದಿನ ವಾಹನವನ್ನು, ವಿಶೇಷವಾಗಿ ಅದರ ತಳಭಾಗವನ್ನು, ತೊಳೆಸತಕ್ಕದ್ದು. ಕೆಸರು ಮೆತ್ತಿಕೊಂಡಿದ್ದಲ್ಲಿ ಎಣ್ಣೆ ಸೋರಿಕೆ ಮತ್ತು ಚಾಸಿಯ ಬಿರುಕುಗಳು ಕಾಣುವುದಿಲ್ಲ. ವಾಹನವನ್ನು ಸರಕಿಲ್ಲದೆ, ಮೂಲ ದಾಖಲೆಗಳೊಂದಿಗೆ ನಿಗದಿತ ವೇಳೆಗೆ ಹಾಜರುಪಡಿಸುವುದು.

ನ್ಯೂನತೆ ಕಂಡುಬಂದಲ್ಲಿ

ನ್ಯೂನತೆಗಳ ವಿವರವನ್ನು ಲಿಖಿತವಾಗಿ ಕೇಳಿ ಪಡೆದು, ಆ ಪಟ್ಟಿಯನ್ನೇ ಗ್ಯಾರೇಜಿಗೆ ನೀಡಿ ದುರಸ್ತಿ ಮಾಡಿಸಿ, ಮರು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಅಲ್ಲಿಯವರೆಗೆ ವಾಹನವನ್ನು ಬಾಡಿಗೆಗೆ ಓಡಿಸಕೂಡದು. ಪಟ್ಟಿಯನ್ನು ಮುಂದಿನ ವರ್ಷದವರೆಗೆ ಕಾಯ್ದಿರಿಸಿಕೊಂಡಲ್ಲಿ, ಅದೇ ಭಾಗಗಳನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳಲು ಅನುಕೂಲವಾಗುತ್ತದೆ.