1969ರ ರಾಷ್ಟ್ರಪತಿ ಚುನಾವಣೆಗೆ ಕಾಂಗ್ರೆಸ್ ಅಭ್ಯರ್ಥಿಯ ಆಯ್ಕೆ

1969ರ ರಾಷ್ಟ್ರಪತಿ ಚುನಾವಣೆಗೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ತನ್ನ ಅಧಿಕೃತ ಅಭ್ಯರ್ಥಿಯನ್ನು ಅದೇ ವರ್ಷದ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಆಯ್ಕೆ ಮಾಡಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ನಾಯಕ, ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ನಾಯಕರ ವೈಯಕ್ತಿಕ ಒಲವು ಮತ್ತು ಅಭ್ಯರ್ಥಿಯ ಗೆಲುವಿನ ಸಾಧ್ಯತೆಗಳ ನಡುವಿನ ಈ ತಿಕ್ಕಾಟವು ಪಕ್ಷದ ವಿಭಜನೆಗೆ ದಾರಿ ಮಾಡಿತು.

ಹಿನ್ನೆಲೆ

ರಾಷ್ಟ್ರಪತಿ ಜಾಕಿರ್ ಹುಸೇನ್ 1969ರ ಮೇ 3ರಂದು ನಿಧನರಾದರು. ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ನಿರ್ಧರಿಸುವಲ್ಲಿ ಪ್ರಾಥಮಿಕ ಚುನಾವಣೆಯ ಮತದಾರರಿಗೆ ಪಾತ್ರವಿರುತ್ತದೆ. ಕಾಂಗ್ರೆಸ್ಸಿನಲ್ಲಿ ಆ ಅಧಿಕಾರ ಕೆಲವೇ ಸದಸ್ಯರ ಸಂಸದೀಯ ಮಂಡಳಿಗಿತ್ತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ್ ರಾಮ್ ಅವರ ಹೆಸರನ್ನು ಮುಂದಿಟ್ಟರು. ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿಯವರ ಪರವಾಯಿತು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿ ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು.

ಎರಡನೇ ಪ್ರಾಶಸ್ತ್ಯದ ಲೆಕ್ಕಾಚಾರ

ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರು ಮತ್ತು ಶಾಸಕರು ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುತ್ತಾರೆ. ಮೊದಲ ಎಣಿಕೆಯಲ್ಲಿ ಯಾರಿಗೂ ಅಗತ್ಯ ಮತಮೌಲ್ಯ ದೊರೆಯದಿದ್ದರೆ, ಕಡಿಮೆ ಮತ ಪಡೆದವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ವರ್ಗಾಯಿಸಲಾಗುತ್ತದೆ. ಆದ್ದರಿಂದ ನಿಜಲಿಂಗಪ್ಪನವರು, ಸಿ. ಡಿ. ದೇಶಮುಖ್ ಅವರನ್ನು ಬೆಂಬಲಿಸಿದ್ದ ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಭೇಟಿಯಾಗಿ, ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ನೀಡುವಂತೆ ಕೋರಿದರು. ಗೆಲುವಿಗಾಗಿ ಇಟ್ಟ ಈ ಹೆಜ್ಜೆಯೇ ಪಕ್ಷದೊಳಗೆ ಅವಿಶ್ವಾಸಕ್ಕೆ ಕಾರಣವಾಯಿತು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿದ್ದ ಇಂದಿರಾ ಗಾಂಧಿಯವರು, ಸದಸ್ಯರು ಆತ್ಮಸಾಕ್ಷಿಯಂತೆ ಮತ ಚಲಾಯಿಸಬೇಕೆಂಬ ನಿಲುವು ತಳೆದರು.

ಫಲಿತಾಂಶ

ಮತದಾನವು ಆಗಸ್ಟ್ 16ರಂದು ನಡೆದು, ಫಲಿತಾಂಶ ಆಗಸ್ಟ್ 20ರಂದು ಪ್ರಕಟವಾಯಿತು. ಗೆಲುವಿಗೆ 4,18,169 ಮತಮೌಲ್ಯ ಬೇಕಿತ್ತು. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548 ಮತ್ತು ದೇಶಮುಖ್ 1,12,769 ಪಡೆದರು. ವರ್ಗಾವಣೆಯ ನಂತರ ಗಿರಿ 4,20,077 ಹಾಗೂ ರೆಡ್ಡಿ 4,05,427 ಗಳಿಸಿದರು. ವರ್ಗಾವಣೆಯಾದ ಮತಗಳ ಬಹುಪಾಲು ನಿರೀಕ್ಷೆಯಂತೆ ರೆಡ್ಡಿಯವರಿಗೇ ಬಂದಿತ್ತು. ಆದರೆ ಕಾಂಗ್ರೆಸ್ಸಿನೊಳಗೆ ಕಳೆದುಕೊಂಡ ಮೊದಲ ಪ್ರಾಶಸ್ತ್ಯದ ಮತಗಳನ್ನು ಅದು ತುಂಬಿಕೊಡಲಿಲ್ಲ.

ಪರಿಣಾಮ

1969ರ ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಕಾಂಗ್ರೆಸ್ ಎರಡಾಗಿ ಒಡೆದು, ನಿಜಲಿಂಗಪ್ಪನವರು ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಅಂದು ಸೋತಿದ್ದ ಸಂಜೀವ ರೆಡ್ಡಿಯವರು 1977ರಲ್ಲಿ ಜನತಾ ಪಕ್ಷದ ಆಡಳಿತವಿದ್ದಾಗ ರಾಷ್ಟ್ರಪತಿಯಾಗಿ ಅವಿರೋಧವಾಗಿ ಆಯ್ಕೆಯಾದರು.